ಬೆನ್ನು ಹಾಕಿ ನಿಲ್ಲುವ ಊರು

ನಮ್ಮೂರಿನ ಬಸ್‌ಸ್ಟ್ಯಾಂಡಿಗೆ ಹೊಸಬರು ಬಂದರೆ ಮೊದಲು ಕಣ್ಣಿಗೆ ಬೀಳುವುದು ಬೆನ್ನುಗಳು. ಕಂಡಕ್ಟರ್ ಸೀಟಿ ಊದಿದ್ದೇ ತಡ, ಕಳಿಸಲು ಬಂದ ಅವ್ವಂದಿರು, ಗೆಳೆಯರು, ಹೊಸದಾಗಿ ಮದುವೆಯಾದ ಗಂಡಂದಿರು ಎಲ್ಲರೂ ಒಟ್ಟಿಗೆ ಬಸ್ಸಿಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗುತ್ತಾರೆ. ಆ ಗೋಡೆಯ ಮೇಲೆ ಹಲ್ಲುಪುಡಿಯ ಒಂದು ಹಳೆಯ ಜಾಹೀರಾತಿದೆ. ಅದರಲ್ಲಿ ನಗುತ್ತಿರುವ ಹೆಂಗಸಿನ ಅರ್ಧ ಹಲ್ಲು ಸುಣ್ಣದ ಜೊತೆ ಉದುರಿಹೋಗಿವೆ. ಊರಿನಲ್ಲಿ ಯಾರನ್ನು ಕೇಳಿದರೂ ಆ ಜಾಹೀರಾತನ್ನು ಅಕ್ಷರ ಬಿಡದೆ ಬಾಯಿಪಾಠ ಹೇಳುತ್ತಾರೆ, ಯಾಕೆಂದರೆ ಎಲ್ಲರೂ ಒಂದಲ್ಲ ಒಂದು ಸಲ ಅದರ ಮುಂದೆ ನಿಂತು ಅತ್ತವರೇ. ಬಸ್ಸಿನೊಳಗಿರುವವರ ರೀತಿ ಬೇರೆ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಸ್ಸು ಊರಾಚೆಯ ಜಿನ್ನಿನ, ಅಂದರೆ ಹತ್ತಿ ಬಿಡಿಸುವ ಕಾರ್ಖಾನೆಯ, ತಿರುವು ದಾಟುವವರೆಗೂ ತಮ್ಮವರ ಬೆನ್ನನ್ನೇ ನೋಡುತ್ತಿರಬೇಕು. ಹೋಗುವವರು ನೋಡಬೇಕು, ಇರುವವರು ನೋಡಬಾರದು. ಇಲ್ಲಿಯ ಪದ್ಧತಿ ಇಷ್ಟೇ.

ಯಾರೂ ನೋಡದೆ ಹೋದವರು ಪೂರ್ತಿ ಹೋಗುವುದಿಲ್ಲ, ಅರ್ಧ ಇಲ್ಲೇ ಉಳಿಯುತ್ತಾರೆ. ದುಡಿಯಲು ಹೋದ ಗಂಡನ ಟವೆಲ್ ಬೆಳಗ್ಗೆ ಒದ್ದೆಯಾಗಿರುತ್ತದೆ. ಓದಲು ಹೋದ ಮಗಳ ಬಾಚಣಿಗೆಯಲ್ಲಿ ಕೂದಲು ಸಿಕ್ಕಿಕೊಂಡಿರುತ್ತದೆ. ತಟ್ಟೆಯಲ್ಲಿ ಹಾಕಿಟ್ಟ ರೊಟ್ಟಿ, ಮನೆಯವರು ಅತ್ತ ತಿರುಗಿ ಇತ್ತ ತಿರುಗುವುದರೊಳಗೆ ಅರ್ಧವಾಗಿರುತ್ತದೆ. ಇಲ್ಲಿಂದ ಹೆಣ್ಣು ತಂದುಕೊಂಡ ಬೇರೆ ಊರಿನ ಬೀಗರು ಮೊದಮೊದಲು ಜಗಳಕ್ಕೆ ಬರುತ್ತಿದ್ದರಂತೆ, ನಮಗೆ ಅರ್ಧ ಸೊಸೆಯನ್ನು ಕೊಟ್ಟಿದ್ದೀರಿ ಎಂದು. ಈಗ ಅದೆಲ್ಲ ಮದುವೆಯ ಮಾತುಕತೆಯಲ್ಲೇ ತೀರ್ಮಾನವಾಗುತ್ತದೆ: ಒಂದಷ್ಟು ದಿನ ಬೆನ್ನು ಹಾಕಿ ಕಳಿಸುವುದು, ಆಮೇಲೆ ತವರಿಗೆ ಕರೆಸಿ, ಈ ಸಲ ಕಣ್ಣುತುಂಬ ನೋಡಿ ಪೂರ್ತಿ ಕಳಿಸಿಕೊಡುವುದು. ಅರ್ಧ ಇರುವವರಿಗೆ ರೇಷನ್ ಸಕ್ಕರೆ ಕೊಡಬೇಕೋ ಬೇಡವೋ ಅನ್ನುವ ವ್ಯಾಜ್ಯ ಮಾತ್ರ ಇನ್ನೂ ಬಗೆಹರಿದಿಲ್ಲ. ಸಾಯುವವರಿಗೆ ಊರು ಎಂದೂ ಬೆನ್ನು ಹಾಕುವುದಿಲ್ಲ. ಸರದಿಯ ಮೇಲೆ ಕೂತು, ರೆಪ್ಪೆ ಮಿಟುಕಿಸುವಾಗಲೂ ಪಕ್ಕದವರಿಗೆ ಹೇಳಿ ಮಿಟುಕಿಸಿ, ಅವರನ್ನು ನೋಡುತ್ತಲೇ ಇರುತ್ತಾರೆ.

ನಾನು ಈ ಊರಿನವಳಲ್ಲ. ಇಲ್ಲಿಯ ಕ್ವಾಂಟಮ್ ಕಂಪ್ಯೂಟರಿನ ಲ್ಯಾಬಿಗೆ ಸಂಶೋಧನೆಗೆಂದು ಬಂದು ಇಲ್ಲಿಯವಳೇ ಆಗಿಬಿಟ್ಟೆ. ಹೆಸರು ನೀಲಾಂಬಿಕೆ; ಅದನ್ನು ಪೂರ್ತಿ ಕರೆಯುವಷ್ಟು ಪುರುಸೊತ್ತು ಯಾರಿಗೂ ಇಲ್ಲ, ನೀಲಾ ಅನ್ನುತ್ತಾರೆ. ನಮ್ಮ ಯಂತ್ರವನ್ನು ನೋಡಲು ಬಂದವರಿಗೆ ನಿರಾಸೆಯಾಗುತ್ತದೆ, ಯಾಕೆಂದರೆ ಅದು ಕಂಪ್ಯೂಟರಿನಂತೆ ಕಾಣುವುದೇ ಇಲ್ಲ. ತಲೆಕೆಳಗಾಗಿ ತೂಗುಬಿಟ್ಟ ಹಿತ್ತಾಳೆಯ ದೀಪದ ಕಂಬದಂತೆ ಕಾಣುತ್ತದೆ. ಅದನ್ನು ದೊಡ್ಡ ಸಿಲಿಂಡರಿನೊಳಗೆ ಮುಚ್ಚಿ, ಭೂಮಿಯ ಮೇಲೆ ಎಲ್ಲೂ ಇಲ್ಲದಷ್ಟು ತಣ್ಣಗೆ ಮಾಡುತ್ತೇವೆ. ಕೆಳತುದಿಯಲ್ಲಿ ಉಗುರಿನಷ್ಟು ಒಂದು ಚಿಪ್. ಅದರೊಳಗಿನ ಕ್ಯೂಬಿಟ್‌ಗಳು ಸೊನ್ನೆಯೋ ಒಂದೋ ಎಂದು ತೀರ್ಮಾನವಾಗದೆ, ಎರಡೂ ಆಗಿ ತೂಗಾಡುತ್ತಿರುತ್ತವೆ. ಅವು ಹಾಗೆ ತೂಗಾಡುವಷ್ಟು ಹೊತ್ತು ಮಾತ್ರ ನಮ್ಮ ಲೆಕ್ಕ ನಡೆಯುತ್ತದೆ. ನೋಡಿದರೆ ಮುಗಿಯಿತು, ಒಂದು ಕಡೆಗೆ ಬಿದ್ದುಬಿಡುತ್ತವೆ. ನೋಡುವುದೆಂದರೆ ಕಣ್ಣಿನಿಂದಲೇ ಆಗಬೇಕಿಲ್ಲ. ದಾರಿ ತಪ್ಪಿ ಬಂದ ಒಂದಿಷ್ಟು ಶಾಖ, ಪಕ್ಕದ ತಂತಿಯ ಗುನುಗು, ಅದೂ ನೋಡಿದ ಹಾಗೆಯೇ. ಬೇರೆ ಊರುಗಳಲ್ಲಿ ರೆಪ್ಪೆ ಮಿಟುಕಿಸುವುದರೊಳಗೆ ಬೀಳುವ ಕ್ಯೂಬಿಟ್‌ಗಳು ಈ ಊರಿನಲ್ಲಿ ಎಷ್ಟೋ ಹೆಚ್ಚು ಹೊತ್ತು ನಿಲ್ಲುತ್ತವೆ. ಅದಕ್ಕೇ ಲ್ಯಾಬನ್ನು ಇಲ್ಲಿ ಕಟ್ಟಿದರು. ನಮ್ಮ ಮುಖ್ಯಸ್ಥರಾದ ಜಾಲಿಹಾಳ ಸರ್ ಅದಕ್ಕೆ ಊರಿನ ಕೆಳಗಿರುವ ಬಂಡೆಯೇ ಕಾರಣ ಎಂದು ಪ್ರಬಂಧ ಬರೆದಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಅವರೂ ಎಲ್ಲರಂತೆ ಗೋಡೆಯ ಕಡೆ ತಿರುಗುತ್ತಾರೆ.

ಇಂದೂಧರ ನನ್ನ ಜೊತೆ ಅದೇ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಚಿಪ್‌ಗಳನ್ನು ಮಾಡುವುದು ಅವನ ಕೆಲಸ, ಅವುಗಳನ್ನು ನೋಡುವುದು ನನ್ನದು. ಕ್ಯೂಬಿಟ್‌ಗೆ ತನ್ನನ್ನು ಯಾರೋ ನೋಡಿದರು ಎಂದು ಗೊತ್ತೇ ಆಗದಷ್ಟು ಮೆಲ್ಲಗೆ, ಸಿಗ್ನಲ್ಲನ್ನು ತೆಳ್ಳಗೆ ಮಾಡಿ ನೋಡುವುದು ನನ್ನ ವಿದ್ಯೆ. ಅಂಥ ಒಂದು ನೋಟದಿಂದ ಏನೂ ತಿಳಿಯುವುದಿಲ್ಲ. ಬೇಕಾದಷ್ಟು ನೋಟಗಳನ್ನು ಕೂಡಿಸಿದರೆ ಮಾತ್ರ ಏನೋ ಒಂದು ಕಾಣುತ್ತದೆ. ಕದ್ದು ನೋಡುವುದಕ್ಕೂ ಡಾಕ್ಟರೇಟ್ ಕೊಡುತ್ತಾರೆಂದು ನಿನ್ನಿಂದ ತಿಳಿಯಿತು ಎಂದು ಅವನು ಚುಡಾಯಿಸುತ್ತಿದ್ದ.

ನಾವಿಬ್ಬರೂ ಚನ್ನಬಸವ್ವನ ಮನೆಯಲ್ಲಿ ಬಾಡಿಗೆಗಿದ್ದೆವು, ಅವನು ಮುಂದಿನ ಕೋಣೆಯಲ್ಲಿ, ನಾನು ಮಾಳಿಗೆಯ ಮೇಲೆ. ಪಡಸಾಲೆಯಲ್ಲಿ ಒಂದು ತೂಗುಮಂಚವಿತ್ತು. ಸಂಜೆ ಲ್ಯಾಬಿನಿಂದ ಬಂದು ಅವನು ಅದರ ಮೇಲೆ ಕೂತು, ಒಂದು ರೊಟ್ಟಿಗೆ ಶೇಂಗಾ ಚಟ್ನಿಪುಡಿ ಸುರುವಿಕೊಂಡು ತಿನ್ನುತ್ತ, ಚಹಾವನ್ನು ಅರ್ಧ ಕುಡಿದು ಕಿಟಕಿಯ ಕಟ್ಟೆಯ ಮೇಲಿಟ್ಟು ಮರೆತುಬಿಡುತ್ತಿದ್ದ. ಆಮೇಲೆ ಆರಿದ ಚಹಾ ಕುಡಿದು ಮುಖ ಕಿವಿಚುತ್ತಿದ್ದ. ನಾನು ಎದುರಿಗೆ ಕೂತು ಬೆಳ್ಳುಳ್ಳಿ ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಆ ದಿನದ ಕಥೆ ಹೇಳುತ್ತಿದ್ದೆ. ಅಷ್ಟೇ. ನಮ್ಮಿಬ್ಬರ ನಡುವೆ ಏನಿದೆ ಎಂದು ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಯಾವುದೋ ಒಂದು ಕಡೆಗೆ ಬಿದ್ದುಬಿಡುತ್ತದೆ ಅನ್ನುವುದು ನಮ್ಮ ಕಸುಬಿನವರ ಭಯ. ತೂಗಾಡುತ್ತಿರಲಿ, ಹೊತ್ತು ಇದೆ ಅಂದುಕೊಂಡೆವು.

ಹೊತ್ತು ಇರಲಿಲ್ಲ. ಲ್ಯಾಬಿನಲ್ಲಿ ನಮ್ಮಿಬ್ಬರ ಜಾಗದಲ್ಲಿ ಇನ್ನು ಒಬ್ಬರಿಗೆ ಮಾತ್ರ ಕೆಲಸ ಎಂದಾಯಿತು. ಯಾರು ಉಳಿಯಬೇಕು ಅನ್ನುವ ಮಾತು ಮೇಲೇಳುವ ಮೊದಲೇ ಇಂದೂಧರ ರೈಲಿನಲ್ಲಿ ಎರಡು ದಿನ ದೂರವಿರುವ ಒಂದು ದೊಡ್ಡ ಊರಿನ ಲ್ಯಾಬಿಗೆ ಅರ್ಜಿ ಹಾಕಿ, ಕೆಲಸ ಸಿಕ್ಕ ಮೇಲೆ ನನಗೆ ಹೇಳಿದ. ಹೊರಡುವ ದಿನ ನಾನೂ ಚನ್ನಬಸವ್ವನೂ ಬಸ್‌ಸ್ಟ್ಯಾಂಡಿಗೆ ಹೋಗಿ ಹಲ್ಲುಪುಡಿಯ ಹೆಂಗಸನ್ನು ನೋಡುತ್ತ ನಿಂತೆವು. ಅವನು ಪದ್ಧತಿಯಂತೆ ಕಿಟಕಿಯಿಂದ ನನ್ನ ಬೆನ್ನು ನೋಡುತ್ತ ಹೋದ. ಬೆನ್ನಿನ ಮೇಲೆ ಬಿದ್ದ ಆ ನೋಟ ನನಗೆ ಜಿನ್ನಿನ ತಿರುವಿನವರೆಗೂ ಗೊತ್ತಾಗುತ್ತಿತ್ತು.

ಮನೆಗೆ ಬಂದು ಚಹಾ ಮಾಡಿ, ಚನ್ನಬಸವ್ವ ಒಂದು ಲೋಟ ಕಿಟಕಿಯ ಕಟ್ಟೆಯ ಮೇಲಿಟ್ಟಳು. ನಾವು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅದು ಅರ್ಧವಾಗಿತ್ತು. ತೂಗುಮಂಚದ ಸರಪಳಿ ಮೆಲ್ಲಗೆ ಕಿರುಗುಟ್ಟಿತು. ನಾವಿಬ್ಬರೂ ತಟ್ಟನೆ ಆ ಕಡೆಗೆ ಬೆನ್ನು ಹಾಕಿ ಕೂತೆವು. ಉಳಿದ ಅರ್ಧವನ್ನು ನೋಡಿದರೆ ಅದೂ ಹೊರಟುಹೋಗುತ್ತದೆ. ನನಗೆ ಅಳು ಬಂತು, ನಗುವೂ ಬಂತು.

ಆಮೇಲಿನ ದಿನಗಳು ನನ್ನ ಬದುಕಿನ ಒಳ್ಳೆಯ ದಿನಗಳೆಂದೇ ಹೇಳಬೇಕು. ಸಂಜೆ ಬಂದು ತೂಗುಮಂಚಕ್ಕೆ ಬೆನ್ನು ಮಾಡಿ ಕೂತು, ಬೆಳ್ಳುಳ್ಳಿ ಬಿಡಿಸುತ್ತ ಲ್ಯಾಬಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಅವನು ನಗಬೇಕಾದ ಕಡೆ ಸರಪಳಿ ಕಿರುಗುಡುತ್ತಿತ್ತು. ಬೇಜಾರಿನ ಕಥೆಯಾದರೆ ಮಂಚ ಸುಮ್ಮನಾಗುತ್ತಿತ್ತು. ನೀವು ಯಾಕೆ ಅವನಿದ್ದಲ್ಲಿಗೆ ಹೋಗಲಿಲ್ಲ ಎಂದು ಹೊರಗಿನವರು ಕೇಳುತ್ತಾರೆ. ಅವನು ಇಲ್ಲೇ ಇದ್ದನಲ್ಲ. ಅಲ್ಲಿರುವ ಅರ್ಧಕ್ಕಾಗಿ ಇಲ್ಲಿರುವ ಅರ್ಧವನ್ನು ಬಿಟ್ಟು ಹೋಗುವುದು ಹೇಗೆ?

ಚನ್ನಬಸವ್ವನದು ಇನ್ನೊಂದು ತರಹದ ಕಥೆ. ಅವಳ ಮಗಳು ರೇಣವ್ವ ಗಂಡನ ಮನೆಗೆ ಪೂರ್ತಿ ಹೊರಟ ದಿನ ಅವ್ವನ ಜೊತೆ ಯಾವುದೋ ಪಾತ್ರೆಯ ವಿಷಯಕ್ಕೆ ಜಗಳಾಡಿದ್ದಳು. ಆ ಸಿಟ್ಟಿನಲ್ಲಿ ಬಸ್ಸಿನಿಂದ ಹಿಂತಿರುಗಿ ನೋಡಲೇ ಇಲ್ಲ. ಹೋಗುವವರು ನೋಡದಿದ್ದರೆ ಇರುವವರ ಅರ್ಧ ಅವರ ಜೊತೆ ಹೊರಟುಬಿಡುತ್ತದೆ. ಅಂದಿನಿಂದ ಚನ್ನಬಸವ್ವ ಅರ್ಧ ಇಲ್ಲಿ, ಅರ್ಧ ಮಗಳ ಮನೆಯಲ್ಲಿ. ಅಲ್ಲಿ ಮಗಳು ಏಳುವುದರೊಳಗೆ ಅಂಗಳ ಗುಡಿಸಿರುತ್ತದಂತೆ, ಅತ್ತೆಗೆ ಬಹಳ ಖುಷಿ. ಇಲ್ಲಿ ಮಾತ್ರ ಅವಳಿಗೆ ಊಟದ ರುಚಿ ಹತ್ತುವುದಿಲ್ಲ, ಅಂಗಡಿಯವರು ಅವಳನ್ನು ದಾಟಿ ಹಿಂದಿನವರಿಗೆ ಸಾಮಾನು ಕೊಡುತ್ತಾರೆ. ಒಂದು ದಿನ ನಾನು ಬಿಟ್ಟುಹೋದ ಊಟದ ಡಬ್ಬಿ ಹಿಡಿದು ಲ್ಯಾಬಿಗೆ ಬಂದಿದ್ದಳು. ಅಲ್ಲಿಯ ಗಾಜಿನ ಬಾಗಿಲು ಜನ ಎದುರು ನಿಂತರೆ ತಾನೇ ತೆರೆದುಕೊಳ್ಳುವಂಥದ್ದು. ಅವಳಿಗೆ ತೆರೆಯಲಿಲ್ಲ. ನಾನು ಹೊರಗೆ ಬರುವ ತನಕ ಅವಳು ಅದರ ಎದುರು ನಿಂತು ಬೈಯುತ್ತಿದ್ದಳು. ಆದರೆ ಮಗಳನ್ನು ಕರೆಸಿ, ಈ ಸಲವಾದರೂ ನೋಡಿಕೊಂಡು ಹೋಗು ಎಂದು ಹೇಳು ಅಂದರೆ ಒಪ್ಪುತ್ತಿರಲಿಲ್ಲ. ಇರಲಿ ಬಿಡು, ಅಲ್ಲಿ ನನ್ನ ಕೆಲಸ ಐತಿ ಅನ್ನುತ್ತಿದ್ದಳು.

ಇಂದೂಧರ ಭಾನುವಾರ ಫೋನ್ ಮಾಡುತ್ತಿದ್ದ. ಅವನ ದನಿ ಗೋಡೆಯಾಚೆಯಿಂದ ಬಂದಂತಿರುತ್ತಿತ್ತು. ಅಲ್ಲಿಯ ಬಾಗಿಲುಗಳು ತನಗೂ ತೆರೆಯುವುದಿಲ್ಲ ಎಂದು ನಗುತ್ತಲೇ ಹೇಳುತ್ತಿದ್ದ. ಯಾರಾದರೂ ಬರುವವರೆಗೆ ಕಾದು ಅವರ ಹಿಂದೆಯೇ ಒಳಗೆ ಹೋಗುತ್ತಿದ್ದನಂತೆ. ಕ್ಯಾಂಟೀನಿನಲ್ಲಿ ಜನ ಖಾಲಿ ಕುರ್ಚಿ ಎಂದುಕೊಂಡು ಅವನ ತೊಡೆಯ ಮೇಲೇ ಕೂರಲು ಬರುತ್ತಿದ್ದರಂತೆ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅತ್ತ ಫೋನಿನಲ್ಲಿ ಅವನು ನಕ್ಕರೆ ಇತ್ತ ಸರಪಳಿಯೂ ಕಿರುಗುಡುತ್ತಿತ್ತು, ಇಬ್ಬರು ಒಟ್ಟಿಗೆ ನಕ್ಕಂತೆ. ನನ್ನರ್ಧವನ್ನು ಕೊಡು ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಊಟ ಚೆನ್ನಾಗಿ ಹಾಕುತ್ತಿದ್ದೀಯಾ ಎಂದಷ್ಟೇ ವಿಚಾರಿಸುತ್ತಿದ್ದ.

ಆದರೆ ಸದ್ದು ಎಷ್ಟು ದಿನ ಸಾಕಾಗುತ್ತದೆ? ನನಗೆ ಅವನ ಮುಖ ನೋಡಬೇಕು ಅನ್ನಿಸತೊಡಗಿತು. ಅನ್ನಿಸಿದ್ದು ಬೆಳೆಯಿತು. ತಿಂದದ್ದು ಮೈಗೆ ಹತ್ತಲಿಲ್ಲ. ಒಂದು ಸಂಜೆ ಅವಲಕ್ಕಿಯ ಸ್ಟೀಲ್ ಡಬ್ಬಿ ತೊಳೆದು ಒರೆಸುತ್ತ ಕೂತಿದ್ದಾಗ, ಅದರ ಉಬ್ಬಿದ ಹೊಟ್ಟೆಯಲ್ಲಿ ನನ್ನ ಹೆಗಲಿನ ಹಿಂದಿನದು ಕಂಡಿತು. ನೀಲಿ ಅಂಗಿಯ ಒಂದು ಮಬ್ಬು, ಲೋಟ ಹಿಡಿದ ಕೈಯಂಥದ್ದು ಏನೋ. ತಕ್ಷಣ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿದೆ. ಆಮೇಲೆ ಮಾಳಿಗೆಗೆ ಹೋಗಿ ಕೂತು ನನಗೆ ನಾನೇ ನ್ಯಾಯ ಹೇಳಿಕೊಂಡೆ. ಇದನ್ನು ನೋಡುವುದು ಅನ್ನುತ್ತಾರೇನು? ಡೊಂಕು ಡಬ್ಬಿಯಲ್ಲಿ ಮಬ್ಬಾಗಿ ಕಂಡದ್ದು, ಅದೂ ಅರೆಗಳಿಗೆ. ಇದು ನಾನು ದಿನವೂ ಲ್ಯಾಬಿನಲ್ಲಿ ಮಾಡುವ ಕೆಲಸವೇ ಅಲ್ಲವೇ? ಮೆಲ್ಲಗೆ ನೋಡಿದರೆ ಬೀಳುವುದಿಲ್ಲ.

ಹಾಗಾಗಿ ದಿನವೂ ಡಬ್ಬಿ ಒರೆಸತೊಡಗಿದೆ. ಒಂದು ದಿನ ತೋಳು ಕಂಡಿತು, ಒಂದು ದಿನ ಕಿವಿ. ಕೂಡಿಸುತ್ತ ಹೋದೆ. ಮನಸ್ಸಿನಲ್ಲಿ ಅವನ ಮುಖ ಸ್ವಲ್ಪ ಸ್ವಲ್ಪವೇ ತುಂಬಿಕೊಳ್ಳುತ್ತಿತ್ತು. ಅವಲಕ್ಕಿಯ ಡಬ್ಬಿಯನ್ನು ಇಷ್ಟು ಉಜ್ಜುವುದು ಯಾಕೆಂದು ಚನ್ನಬಸವ್ವನಿಗೆ ಅನುಮಾನ ಬಂತು. ನಾನು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಾಗಿಲು ಮುಂದೆ ಮಾಡಿ ಬಂದು ನನ್ನ ಪಕ್ಕ ಕೂತು, ಡಬ್ಬಿಯನ್ನು ತನ್ನ ಕಡೆ ವಾಲಿಸಿಕೊಂಡಳು.

"ನನಗೂ ಒಂಚೂರು ತೋರಸ ತಂಗಿ," ಅಂದಳು. ನೋಡಿ, "ಬಡಕ ಆಗ್ಯಾನ ನೋಡು ಹುಡುಗ," ಎಂದು ಕಣ್ಣು ಒರೆಸಿಕೊಂಡಳು.

ಅಲ್ಲಿಂದ ಇಬ್ಬರೂ ಸೇರಿ ನೋಡಿದೆವು. ನಾಚಿಕೆಯೂ ಹೋಯಿತು. ಹಬ್ಬಕ್ಕೆ ಹೊಸ ಡಬ್ಬಿ ಬೇರೆ ತಂದೆವು, ಹೊಳಪು ಹೆಚ್ಚಿದೆಯೆಂದು.

ಚಹಾ ಉಳಿಯತೊಡಗಿದ್ದು ಆಗಲೇ. ಅರ್ಧವಾಗುತ್ತಿದ್ದ ಲೋಟ ಮುಕ್ಕಾಲಿಗೆ ನಿಲ್ಲತೊಡಗಿತು. ರೊಟ್ಟಿಯ ಅಂಚು ಮಾತ್ರ ಹರಿದಿರುತ್ತಿತ್ತು. ನಗಬೇಕಾದ ಕಥೆ ಹೇಳಿದರೂ ಸರಪಳಿ ಒಮ್ಮೊಮ್ಮೆ ಸುಮ್ಮನಿರುತ್ತಿತ್ತು. ಸೆಖೆಗೆ ಹಸಿವಿಲ್ಲ ಎಂದು ಚನ್ನಬಸವ್ವ ಅಂದಳು, ನಾನೂ ಒಪ್ಪಿದೆ. ಆ ಭಾನುವಾರ ಫೋನ್ ಬಂದಾಗ ಅವನ ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿತ್ತು. ಯಾಕೋ ಇತ್ತೀಚೆಗೆ ಮೈ ಹಗುರಾಗಿದೆ ಅಂದ. ಸಾರಿನಲ್ಲಿ ಹುಳಿ ಹೆಚ್ಚಾಗಿದ್ದು ನಾಲಗೆಗೆ ಗೊತ್ತಾಯಿತಂತೆ. ಬಾಗಿಲೊಂದು ಅರ್ಧದವರೆಗೆ ತೆರೆದು ನಿಂತಿತಂತೆ, ಅಡ್ಡ ತಿರುಗಿ ನುಸುಳಿಕೊಂಡು ಹೋದನಂತೆ. ಅವನು ಖುಷಿಯಿಂದ ಹೇಳುತ್ತಿದ್ದ. ನನ್ನ ಹಿಂದೆ ತೂಗುಮಂಚ ಅಲುಗಲಿಲ್ಲ.

ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ. ಎಷ್ಟೇ ಮೆಲ್ಲಗೆ ನೋಡಿದರೂ ಪ್ರತಿ ನೋಟವೂ ಏನನ್ನೋ ಕಿತ್ತುಕೊಂಡೇ ಹೋಗುತ್ತದೆ, ಪುಕ್ಕಟೆಯಾಗಿ ಯಾವುದೂ ಕಾಣುವುದಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನವೇ ನಾನು ಹೇಳುವ ಮಾತು ಇದು. ಮನೆಯಲ್ಲಿ ಅದು ನೆನಪಾಗಲಿಲ್ಲ, ಯಾಕೆಂದರೆ ನೆನಪಾಗುವುದು ನನಗೆ ಬೇಕಿರಲಿಲ್ಲ. ಡಬ್ಬಿಯ ಹೊಟ್ಟೆಯಲ್ಲಿ ಅವನನ್ನು ಕೂಡಿಸುತ್ತಿದ್ದೇನೆ ಅಂದುಕೊಂಡು ದಿನಕ್ಕೊಂದಿಷ್ಟು ಕಳಿಸಿಕೊಡುತ್ತಿದ್ದೆ. ಎರಡೂ ಡಬ್ಬಿಗಳನ್ನು ಅಟ್ಟದ ಮೇಲೆ ಹಾಕಿದೆವು. ಅವಲಕ್ಕಿ ಪ್ಲಾಸ್ಟಿಕ್ ಡಬ್ಬಿಗೆ ಹೋಯಿತು.

ಇದ್ದಷ್ಟಾದರೂ ಇರಲಿ ಎಂದು ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ. ಆದರೆ ಜಾಲಿಹಾಳ ಸರ್ ಒಂದು ಸಮ್ಮೇಳನಕ್ಕೆಂದು ಇಂದೂಧರನ ಊರಿಗೆ ಹೋಗಿ ಬಂದರು. ಬಂದವರು ನನ್ನನ್ನು ಕರೆಸಿ ಎದುರು ಕೂರಿಸಿಕೊಂಡು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಂದೂಧರ ಮಾತಾಡಬೇಕಾದ ಹೊತ್ತಿಗೆ ಸಭೆಯ ಅಧ್ಯಕ್ಷರು ಆತ ಬಂದಿಲ್ಲ ಎಂದು ಹೇಳಿ ಮುಂದಿನವರನ್ನು ಕರೆದರಂತೆ. ಅವನು ಅವರ ಪಕ್ಕದಲ್ಲೇ ಮೈಕಿನ ಎದುರು ನಿಂತಿದ್ದನಂತೆ. ಕಾಗದಗಳನ್ನು ಮಡಚಿಕೊಂಡು ಕೆಳಗಿಳಿದನಂತೆ. ಅಲ್ಲಿಯವರು ಅವನ ಕೆಲಸವನ್ನು ಕಾಯಂ ಮಾಡುವ ವಿಚಾರಕ್ಕೆ ಮುಂದಿನ ತಿಂಗಳು ಸೇರುತ್ತಾರೆ. ಆ ಸಮಿತಿಯ ಅರ್ಧ ಜನಕ್ಕೆ ಅಂಥವನೊಬ್ಬ ಇದ್ದಾನೆಂಬುದೇ ಜ್ಞಾಪಕವಿಲ್ಲ.

"ಮೊದಲಿಗಿಂತ ಒಂದೀಟು ಸುಧಾರಿಸ್ಯಾನ ಅಂತಾರ," ಅಂದರು ಸರ್. "ಆದ್ರ ಹಿಂಗ ಅರ್ಧಮರ್ಧ ಮನಶಾ ಎಷ್ಟ ದಿನ ಇರಾಕ ಆಗತೈತಿ, ನೀನ ಹೇಳು."

ಸರ್ ತಮ್ಮ ಪ್ರಬಂಧದ ಬಂಡೆಯ ಮಾತು ಎತ್ತಲಿಲ್ಲ. ಬಾಗಿಲು ತೆರೆಯದ ಕಥೆಗೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನೆನಪಾಯಿತು.

ಆ ಸಂಜೆ ಅಟ್ಟದಿಂದ ಡಬ್ಬಿ ಇಳಿಸಿದರೆ ಸಾಕಿತ್ತು. ಕೆಲವು ದಿನ ನೋಡಿದರೆ ಅವನಿಗೂ ತಿಳಿಯದಂತೆ ಎಲ್ಲ ಮುಗಿದುಹೋಗುತ್ತಿತ್ತು. ಡಬ್ಬಿಯವರೆಗೆ ಕೈ ಹೋಯಿತು, ಮನಸ್ಸು ಬರಲಿಲ್ಲ. ನಾನು ಇಷ್ಟು ಬೇಕೆಂದುಕೊಂಡವನನ್ನು ಕದ್ದು ಕದ್ದು, ಚೂರು ಚೂರು ಮಾಡಿ ಕಳಿಸುವುದು ಬೇಡ. ಕಳಿಸುವುದೇ ಆದರೆ ಮುಖ ನೋಡಿ ಕಳಿಸುತ್ತೇನೆ. ಅವನಿಗೆ ಫೋನ್ ಮಾಡಿ, ಒಂದು ಸಲ ಬಂದು ಹೋಗು ಅಂದೆ. ಯಾಕೆ ಎಂದು ಅವನು ಕೇಳಲಿಲ್ಲ. ಅವನಿಗೆ ಈ ಊರಿನ ಪದ್ಧತಿ ಗೊತ್ತಿತ್ತು. ಬರುವಾಗ ಏನು ತರಲಿ ಎಂದಷ್ಟೇ ಕೇಳಿದ.

ಬಂದ. ಬಸ್ಸಿನಿಂದ ಇಳಿಯುವಾಗ ತೆಳ್ಳಗೆ, ಬಿಸಿಲಿಗೆ ಬಣ್ಣ ಹೋದ ಬಟ್ಟೆಯ ಹಾಗಿದ್ದ. ಮನೆಯ ಹೊಸ್ತಿಲು ದಾಟಿ ತೂಗುಮಂಚದ ಮೇಲೆ ಕೂತನೋ ಇಲ್ಲವೋ, ಉಸಿರು ಎಳೆದುಕೊಂಡು ಮೈ ನೆಟ್ಟಗಾಯಿತು, ಮುಖಕ್ಕೆ ಬಣ್ಣ ಬಂತು. ಮನೆಯಲ್ಲಿ ಉಳಿದಿದ್ದವನೂ ಬಂದವನೂ ಕೂಡಿದ್ದರು. ಚನ್ನಬಸವ್ವ ಮಾಡಿದ ರೊಟ್ಟಿಯೆಲ್ಲ ತಿಂದು ಇನ್ನೊಂದು ಕೇಳಿದ. ಈಗ ಅವನು ಪೂರ್ತಿ ಇದ್ದದ್ದರಿಂದ ನೋಡಬಹುದಿತ್ತು. ನಾನು ನೋಡಿದೆ. ಕಿವಿಯ ಹತ್ತಿರ ನರೆ ಬಂದಿತ್ತು. ಡಬ್ಬಿಯಲ್ಲಿ ಅದು ಕಂಡಿರಲಿಲ್ಲ. ಹಳೆಯ ನೆನಪೆಂದು ಲ್ಯಾಬಿಗೆ ಕರೆದೊಯ್ದೆ. ಗಾಜಿನ ಬಾಗಿಲು ಅವನನ್ನು ಕಂಡು ಪೂರ್ತಿ ತೆರೆಯಿತು. ಅವನು ಚಿಕ್ಕ ಮಕ್ಕಳಂತೆ ಹೊರಗೆ ಹೋಗಿ ಮತ್ತೆ ಒಳಗೆ ಬಂದ.

ಸಂಜೆ ಮಾತಿನ ನಡುವೆ ರೇಣವ್ವನ ಸುದ್ದಿ ಬಂತು. ಮಗಳ ಮನೆಯ ಅಂಗಳ ಈಗಲೂ ತಾನೇ ಗುಡಿಸಿರುತ್ತದೆಯೇ, ನಿಮಗೆ ಅಲ್ಲಿಯದು ಇಲ್ಲಿ ಏನಾದರೂ ಗೊತ್ತಾಗುತ್ತದೆಯೇ ಎಂದು ಅವನು ಚನ್ನಬಸವ್ವನನ್ನು ಕೆದಕಿ ಕೆದಕಿ ಕೇಳಿದ. ಅವಳು ರೊಟ್ಟಿ ಬಡಿಯುತ್ತಲೇ, ಮುಂಜಾನೆ ಎದ್ದಾಗ ಅಂಗೈಯಲ್ಲಿ ಕಸಬರಿಗೆ ಹಿಡಿದಷ್ಟು ಬಿಸಿ ಇರುತ್ತದೆ ಅಂದಳು. ಊರ ಸುದ್ದಿ ಕೇಳುವ ಚಪಲ ಇವನಿಗಿನ್ನೂ ಹೋಗಿಲ್ಲ ಅಂದುಕೊಂಡು ನಾನು ಅವರೆಕಾಯಿ ಸುಲಿಯುತ್ತಿದ್ದೆ.

ಚನ್ನಬಸವ್ವ ಒಳಗೆ ಹೋದ ಮೇಲೆ ಅವನಿಗೆ ಹೇಳಿದೆ. "ನಾಳೆ ನಾ ಗೋಡೆ ಕಡೆ ತಿರುಗಂಗಿಲ್ಲ."

"ಗೊತ್ತೈತಿ," ಅಂದ. "ಅದಕ್ಕ ಕರದಿ."

ಅರ್ಧ ಕುಡಿದ ಚಹಾ ಅವನ ಕೈಯಲ್ಲೇ ಆರುತ್ತಿತ್ತು. ಇಷ್ಟು ವರ್ಷ ಯಾರೂ ಕೇಳದಿದ್ದದ್ದನ್ನು ಕೇಳಿದ. "ಅವತ್ತ ನಾ, ನನ್ನ ಜೋಡಿ ಬಾ ಅಂದಿದ್ರ ಬರ್ತಿದ್ದಿ ಏನು?"

"ಬರ್ತಿದ್ದೆ."

"ಈಗ?"

ಈಗ ಹೇಗೆ ಬರಲಿ? ಯಂತ್ರದ ಎಲ್ಲ ಜವಾಬ್ದಾರಿ ನನ್ನ ಮೇಲಿತ್ತು, ವಿದ್ಯಾರ್ಥಿಗಳಿದ್ದರು. ನನಗಾಗಿಯೇ ಅವನು ಬಿಟ್ಟುಕೊಟ್ಟ ಜಾಗ ಅದು. ಬಿಟ್ಟು ಹೊರಟರೆ ಅವನು ಅನುಭವಿಸಿದ್ದೆಲ್ಲ ದಂಡವಾಗುತ್ತಿತ್ತು. ಅದನ್ನೆಲ್ಲ ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆಯೇ. "ನೀ ನನಗ ಭಾಳ ಬೇಕಾಗಿದ್ದಿ," ಅಂದೆ. ಅವನು ತೂಗುಮಂಚ ನಿಲ್ಲಿಸಿ, ನನ್ನ ಮಡಿಲಿನಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದ. ಇಬ್ಬರೂ ಸೇರಿ ಅಷ್ಟನ್ನೂ ಸುಲಿದು ಮುಗಿಸಿದೆವು.

ಮಾರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸೀಟಿ ಊದಿದ. ಬೆನ್ನುಗಳೆಲ್ಲ ತಿರುಗಿದವು. ಚನ್ನಬಸವ್ವನೂ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ತಿರುಗಿದಳು. ನಾನೊಬ್ಬಳೇ ಬಸ್ಸಿನ ಕಡೆ ಮುಖ ಮಾಡಿ ನಿಂತಿದ್ದೆ. ನಾನು ಮರೆತಿದ್ದೇನೆಂದುಕೊಂಡು ಕಂಡಕ್ಟರ್, ಅಕ್ಕಾರ, ಆ ಕಡೆ ತಿರುಗ್ರಿ ಎಂದು ಕೈ ಮಾಡಿದ. ನಾನು ತಿರುಗಲಿಲ್ಲ. ಪ್ರತಿ ಕಿಟಕಿಯಿಂದಲೂ ಒಂದೊಂದು ತಲೆ ಹೊರಗೆ ಬಂತು, ಪ್ರತಿ ತಲೆಯೂ ತನ್ನ ಬೆನ್ನನ್ನು ಹುಡುಕಿಕೊಂಡಿತು. ಇಂದೂಧರನ ಕಿಟಕಿಯಿಂದ ಯಾವ ತಲೆಯೂ ಬರಲಿಲ್ಲ. ಅವನು ಮುಂದಿನ ಸೀಟಿನ ಕಂಬಿ ಹಿಡಿದು, ಡ್ರೈವರನ ಕಡೆ ಮುಖ ಮಾಡಿ ನೆಟ್ಟಗೆ ಕೂತಿದ್ದ. ನನಗೆ ಅವನ ಕತ್ತಿನ ಹಿಂಭಾಗ ಕಾಣುತ್ತಿತ್ತು, ಕ್ಷೌರ ಮಾಡಿಸದ ಕೂದಲು ನೀಲಿ ಕಾಲರಿಗೆ ತಾಗುತ್ತಿತ್ತು. ಇನ್ನೇನು ತಿರುಗುತ್ತಾನೆ, ಇನ್ನೇನು ತಿರುಗುತ್ತಾನೆ ಎಂದು ಕಾದೆ. ಕಣ್ಣು ಉರಿಯುವವರೆಗೂ ಮಿಟುಕಿಸದೆ ನೋಡಿದೆ. ಬಸ್ಸು ಜಿನ್ನಿನ ತಿರುವು ದಾಟಿತು. ಅವನು ತಿರುಗಲೇ ಇಲ್ಲ.

ನನಗೆ ಸಿಟ್ಟು ಬಂತು. ಮನೆಗೆ ಹೋಗುವ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವನನ್ನು ಬೈದೆ. ನಾನು ಇಷ್ಟು ಗಟ್ಟಿ ಮನಸ್ಸು ಮಾಡಿ ನಿಂತರೆ ಅವನಿಗೆ ಒಂದು ಸಲ ಕತ್ತು ಹೊರಳಿಸಲು ಆಗಲಿಲ್ಲವೇ? ಆ ಸಂಜೆ ಕಿಟಕಿಯ ಕಟ್ಟೆಯ ಮೇಲಿಟ್ಟ ಚಹಾ ತುಂಬಿದ್ದು ತುಂಬಿದ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತು. ತೂಗುಮಂಚದ ಎದುರಿಗೇ ಮುಖ ಮಾಡಿ ಕೂತೆ. ಅದು ಬರೀ ಮಂಚ. ನೋಡಬಾರದ್ದು ಏನೂ ಉಳಿದಿರಲಿಲ್ಲ. ಚನ್ನಬಸವ್ವ ನನ್ನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾನು ಬಾಯಿಬಿಟ್ಟು ಅತ್ತೆ.

ಬೆಳಗ್ಗೆ ಉಪ್ಪಿಟ್ಟಿನಲ್ಲಿ ಉಪ್ಪೇ ಇಲ್ಲ ಅನ್ನಿಸಿತು. ಅತ್ತವರ ನಾಲಗೆ ಹಾಗೆಯೇ ಅಂದುಕೊ‍ಂಡೆ. ಓಣಿಯ ತುದಿಯಲ್ಲಿ ತರಕಾರಿಯವಳು ನನ್ನನ್ನು ದಾಟಿ ಹಿಂದಿದ್ದವಳಿಗೆ ಮೆಂತ್ಯೆಯ ಕಟ್ಟು ಕೊಟ್ಟಳು. ಜಗಳಾಡುವಷ್ಟು ಚೈತನ್ಯವಿರಲಿಲ್ಲ, ಸುಮ್ಮನೆ ಲ್ಯಾಬಿನ ಕಡೆ ನಡೆದೆ. ಗಾಜಿನ ಬಾಗಿಲಿನ ಎದುರು ಬಂದು ನಿಂತೆ. ಅದು ತೆರೆಯಲಿಲ್ಲ. ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದೆ ಬಂದೆ. ಕೈ ಬೀಸಿದೆ. ಒಳಗೆ ಕೂತ ಕಾವಲುಗಾರ ತಲೆಯೆತ್ತಿ, ನಾನು ನಿಂತ ಕಡೆಯೇ ನೋಡಿ, ಯಾರೂ ಇಲ್ಲವೆಂಬಂತೆ ಮತ್ತೆ ಪೇಪರ್ ಓದತೊಡಗಿದ. ಆಗ ನನಗೆ ನೆನಪಾದದ್ದು ಕಂಬಿ ಹಿಡಿದ ಅವನ ಕೈ. ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದ, ತಿರುಗದೆ ಇರುವುದು ಬಹಳ ಕಷ್ಟದ ಕೆಲಸವೆಂಬಂತೆ. ರೇಣವ್ವ ಸಿಟ್ಟಿನಲ್ಲಿ ಮಾಡಿದ್ದನ್ನು ಅವನು ಬೇಕೆಂದೇ ಮಾಡಿದ್ದ.

ನಾನು ಆ ಬಾಗಿಲಿನ ಎದುರು ನಿಂತು ನಗತೊಡಗಿದೆ. ಅಲ್ಲಿಯ ಬಾಗಿಲುಗಳೆಲ್ಲ ಇನ್ನು ಅವನಿಗೆ ತೆರೆದುಕೊಳ್ಳುತ್ತವೆ, ಮೈಕಿನ ಎದುರು ನಿಂತರೆ ಜನಕ್ಕೆ ಕಾಣುತ್ತಾನೆ. ಸಂಜೆ ಕೋಣೆಗೆ ಹೋಗಿ ಎರಡು ಲೋಟ ಚಹಾ ಮಾಡಿ, ಒಂದನ್ನು ಕಿಟಕಿಯ ಹತ್ತಿರ ಇಟ್ಟು, ಅದಕ್ಕೆ ಬೆನ್ನು ಹಾಕಿ ಕೂರುತ್ತಾನೆ. ಹಿಂದಿನಿಂದ ಬೆಳ್ಳುಳ್ಳಿ ಬಿಡಿಸುವ ಸದ್ದು ಕೇಳುತ್ತದೆ. ಅವನು ತಿರುಗಿ ನೋಡುವುದಿಲ್ಲ, ಡಬ್ಬಿಯಲ್ಲೂ ನೋಡುವುದಿಲ್ಲ. ನನಗೆ ಆಗದ್ದು ಅವನಿಗೆ ಆಗುತ್ತದೆ.

ಅಂಗೈ ಮೂಗಿನ ಹತ್ತಿರ ಹಿಡಿದು ನೋಡಿದೆ, ಬೆಳ್ಳುಳ್ಳಿಯ ವಾಸನೆ ಇತ್ತು. ಆ ದಿನ ನಾನಿನ್ನೂ ಬೆಳ್ಳುಳ್ಳಿ ಮುಟ್ಟಿರಲಿಲ್ಲ. ಯಾರಾದರೂ ಬಂದರೆ ಅವರ ಹಿಂದೆಯೇ ಒಳಗೆ ಹೋಗೋಣವೆಂದು ಬಾಗಿಲಿನ ಪಕ್ಕದ ಕಟ್ಟೆಯ ಮೇಲೆ ಕೂತು ಕಾಯತೊಡಗಿದೆ.